ಓದುಗರ ಪ್ರಶ್ನೆ: ಬರೀ ಸದ್ದು ಕೇಳಿ ವಿಮಾನ ಯಾಕೆ ಬಿತ್ತು ಅಂತ ಗೊತ್ತಾಗತ್ತಾ?

ಪ್ರಶ್ನೆ: ಸರ್, 2021ರ ಫ್ರೆಂಚ್ ಸಿನಿಮಾ 'ಬ್ಲ್ಯಾಕ್ ಬಾಕ್ಸ್' ನೋಡಿದೆ. ದುಬೈಯಿಂದ ಪ್ಯಾರಿಸ್‌ಗೆ ಹೊರಟ ವಿಮಾನ ಆಲ್ಪ್ಸ್‌ನಲ್ಲಿ ಬೀಳತ್ತೆ, ಹೀರೋ ಹೆಡ್‌ಫೋನ್ ಹಾಕ್ಕೊಂಡು ರೆಕಾರ್ಡಿಂಗ್ ಕೇಳ್ತಾ ಕೇಳ್ತಾ ಕಾರಣ ಹುಡುಕ್ತಾನೆ. ನಿಜವಾಗ್ಲೂ ಹಂಗೆ ಮಾಡ್ತಾರಾ?

ಉತ್ತರ: ಮಾಡ್ತಾರೆ, ಆ ಕೆಲಸ ನಿಜವಾಗ್ಲೂ ಇದೆ. ಹೀರೋ ಕೆಲಸ ಮಾಡೋ ಬಿಇಎ ಕೂಡ ನಿಜವಾದ ತನಿಖಾ ಸಂಸ್ಥೆ, ಪ್ಯಾರಿಸ್ ಪಕ್ಕದ ಲ ಬೂರ್ಜೆಯಲ್ಲಿದೆ. ಪೈಲಟ್‌ಗಳು ಕೊನೇಲಿ ಏನಂದ್ರು ಅನ್ನೋದೊಂದೇ ನಮ್ಮ ಕುತೂಹಲ, ಆದ್ರೆ ಕಾಕ್‌ಪಿಟ್ ಮೈಕ್ ಮಾತಿನ ಜೊತೆಗೆ ಸ್ವಿಚ್ ಒತ್ತಿದ್ದು, ಸೀಟು ಸರಿದಿದ್ದು, ಅಲಾರ್ಮ್ ಹೊಡ್ಕೊಂಡಿದ್ದು, ಇಂಜಿನ್ ಮೊರೆತ ಎಲ್ಲಾನೂ ಹಿಡಿದಿಟ್ಟಿರತ್ತೆ, ಆ ಮೊರೆತದ ಫ್ರೀಕ್ವೆನ್ಸಿ ಅಳೆದ್ರೆ ಇಂಜಿನ್ ಎಷ್ಟು ವೇಗವಾಗಿ ತಿರುಗ್ತಿತ್ತು ಅಂತಾನೂ ಲೆಕ್ಕ ಹಾಕಬಹುದು.

2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಬರ್ತಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್‌ನಲ್ಲಿ ಬಿದ್ದು 228 ಜನ ಸತ್ರು, ರೆಕಾರ್ಡರ್‌ಗಳು ಸಿಕ್ಕಿದ್ದು 2011ರಲ್ಲಿ, ಸುಮಾರು 3,900 ಮೀಟರ್ ಆಳದಲ್ಲಿ. ವೇಗ ಅಳೆಯೋ ಪಿಟೋ ಟ್ಯೂಬ್‌ಗಳಲ್ಲಿ ಐಸ್ ಕಟ್ಟಿ, ಆಟೋಪೈಲಟ್ ಬಿಟ್ಟುಹೋಗಿ, ವಿಮಾನ ಸ್ಟಾಲ್ ಆಯ್ತು, ಅಂದ್ರೆ ರೆಕ್ಕೆಗಳಿಗೆ ವಿಮಾನಾನ ಎತ್ತಿಹಿಡಿಯೋ ಶಕ್ತಿ ಸಾಲದೇ ಹೋಯ್ತು. ಸ್ಟಾಲ್ ವಾರ್ನಿಂಗ್ ಒಂದೇ ಸಮನೆ 54 ಸೆಕೆಂಡ್ ಕೂಗಿದೆ, ಅದರ ಬಗ್ಗೆ ಪೈಲಟ್‌ಗಳು ಒಂದು ಮಾತೂ ಆಡಿಲ್ಲ! ನಂಗೆ ಯಾವ ಸಸ್ಪೆನ್ಸ್ ಸಿನಿಮಾಗಿಂತ ಜಾಸ್ತಿ ಕಾಡೋದು ಇದೇ, ಯಾಕಂದ್ರೆ ಅವರು ಆಡದೇ ಇದ್ದ ಮಾತೂ ಇಲ್ಲಿ ಸಾಕ್ಷಿ ಆಯ್ತು.

ಆದ್ರೆ ಸಿನಿಮಾ ಥರ ಒಬ್ಬನೇ ಕೂತು ಬಿಡಿಸೋ ಒಗಟಲ್ಲ ಇದು. ಎತ್ತರ, ವೇಗ, ದಿಕ್ಕು ಬರ್ಕೊಳ್ಳೋ ಡೇಟಾ ರೆಕಾರ್ಡರ್ ಬೇರೆ ಇರತ್ತೆ, ಎರಡನ್ನೂ ಸೆಕೆಂಡ್ ಸೆಕೆಂಡ್ ಹೊಂದಿಸಿ ನೋಡ್ಬೇಕು, ಅವಶೇಷ, ಮೆಂಟೆನೆನ್ಸ್ ದಾಖಲೆ, ಹವಾಮಾನ ಎಲ್ಲ ತಾಳೆ ಆಗ್ಬೇಕು, ಅದಕ್ಕೆ ದೊಡ್ಡ ಟೀಮೇ ಬೇಕು.

ಪ್ರಶ್ನೆ: ಹಾಗಾದ್ರೆ ತಪ್ಪು ಯಾರದ್ದು ಅಂತ ಕೊನೆಗೆ ಅವರೇ ಹೇಳ್ತಾರಾ?

ಉತ್ತರ: ಇಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಈ ತನಿಖೆಯ ಉದ್ದೇಶ ಮುಂದಿನ ಅಪಘಾತ ತಪ್ಪಿಸೋದು ಮಾತ್ರ, ಯಾರ ತಲೆಗೂ ತಪ್ಪು ಕಟ್ಟೋದಲ್ಲ, ಶಿಕ್ಷೆ ವಿಚಾರ ಕೋರ್ಟ್ ನೋಡ್ಕೊಳ್ಳತ್ತೆ. ಇದು ಸರಿ ಅಂತಾನೇ ನನ್ನ ಅಭಿಪ್ರಾಯ, ಜೈಲಿನ ಭಯ ಇದ್ರೆ ಯಾರು ತಾನೇ ಬಾಯಿಬಿಟ್ಟು ಸತ್ಯ ಹೇಳ್ತಾರೆ?

ಪ್ರಶ್ನೆ: ಎಷ್ಟು ಹೊತ್ತಿನ ಮಾತು ರೆಕಾರ್ಡ್ ಆಗಿರತ್ತೆ?

ಉತ್ತರ: ಹಳೇವಲ್ಲಿ ಬರೀ 30 ನಿಮಿಷ, ಆಮೇಲೆ 2 ಗಂಟೆ ಬಂತು, ಈಗ ಹೊಸ ದೊಡ್ಡ ವಿಮಾನಗಳಿಗೆ 25 ಗಂಟೆ. ಅಂದಹಾಗೆ, ಈ ರೆಕಾರ್ಡರ್‌ಗಳನ್ನೇ ಬ್ಲ್ಯಾಕ್ ಬಾಕ್ಸ್ ಅನ್ನೋದು, ಆದ್ರೆ ಅದರ ಬಣ್ಣ ಕಿತ್ತಳೆ, ಅವಶೇಷದ ಮಧ್ಯೆ ಬೇಗ ಕಣ್ಣಿಗೆ ಬೀಳಲಿ ಅಂತ.