ಆ ಬೆಂಚಿನ ಮೇಲೆ ಕೂರೋಕೆ ಭಯ

ಪ್ರಶ್ನೆ: ಅಕ್ಕಾ, ನನಗೆ 22 ವರ್ಷ, ತೀರ್ಥಹಳ್ಳಿ ಹತ್ತಿರದ ಹಳ್ಳಿಯವನು. ನಾಲ್ಕು ತಿಂಗಳ ಹಿಂದೆ ಕಾಂಡೋಮ್ ಇಲ್ಲದೆ ಒಬ್ಬರ ಜೊತೆ ಸೇರಿದ್ದೆ. ಎಚ್‌ಐವಿ ಟೆಸ್ಟ್ ಮಾಡಿಸೋಣ ಅಂತ ಎರಡು ಸಲ ಆಸ್ಪತ್ರೆಗೆ ಹೋಗಿ ವಾಪಸ್ ಬಂದೆ. ಬಾಗಿಲ ಮೇಲೆ ಬೋರ್ಡು, ಎದುರಿಗೇ ಬೆಂಚು, ಅದರ ಮೇಲೆ ನಮ್ಮೂರಿನ ಅತ್ತೆಯೊಬ್ಬರು ಕೂತಿದ್ದರು. ಅಮ್ಮನ ಕಿವಿಗೆ ಬಿದ್ದರೆ?

ಉತ್ತರ: ತಮ್ಮಾ, ನಿನ್ನ ಭಯ ಸುಮ್ನೆ ಅಲ್ಲ. ನಮ್ಮ ಕಡೆ ಯಾರು ಯಾವ ಸ್ಟಾಪಲ್ಲಿ ಇಳಿದರು ಅನ್ನೋದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹಿಂದೊಮ್ಮೆ ಒಂದು ಆಸ್ಪತ್ರೆಯಲ್ಲಿ ನಾನು ಕಾಯುತ್ತಿದ್ದಾಗ ಸಿಬ್ಬಂದಿಯೊಬ್ಬರು ಹೊರಗೆ ಬಂದು ‘ಎಚ್‌ಐವಿ ಟೆಸ್ಟಿಗೆ ಬಂದಿರೋದು ಯಾರ್ರೀ?’ ಅಂತ ಕೂಗಿದರು. ಕಾಲೇಜು ಬ್ಯಾಗ್ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ದುಪಟ್ಟಾ ಮುಖಕ್ಕೆ ಎಳೆದುಕೊಂಡು ಎದ್ದಳು, ಒಳಗೆ ಹೋಗಲಿಲ್ಲ, ನೇರ ಗೇಟಿನ ಕಡೆ ನಡೆದುಬಿಟ್ಟಳು. ಅವಳು ಮತ್ತೆ ಎಲ್ಲಾದರೂ ಟೆಸ್ಟ್ ಮಾಡಿಸಿದಳೋ ಇಲ್ಲವೋ ಅಂತ ಇವತ್ತಿಗೂ ಸಂಕಟ ಆಗುತ್ತದೆ.

ನೀನು ಹಾಗೆ ತಿರುಗಿ ಹೋಗಬೇಡ. ನಿಮ್ಮ ತಾಲ್ಲೂಕಲ್ಲೇ ಮಾಡಿಸಬೇಕು ಅಂತ ಏನಿಲ್ಲ, ಶಿವಮೊಗ್ಗಕ್ಕೆ ಬಂದು ಮೆಗ್ಗಾನ್ ಆಸ್ಪತ್ರೆಯಲ್ಲಿ ‘ಐಸಿಟಿಸಿ ಎಲ್ಲಿ?’ ಅಂತ ಕೇಳು, ಸಾಕು. ಐಸಿಟಿಸಿ ಅಂದರೆ ಎಚ್‌ಐವಿ ಬಗ್ಗೆ ಸಮಾಲೋಚನೆ, ಪರೀಕ್ಷೆ ಎರಡೂ ಮಾಡೋ ಕೇಂದ್ರ. ದುಡ್ಡು ಕೊಡಬೇಕಿಲ್ಲ. 18 ತುಂಬಿರೋದರಿಂದ ಅಪ್ಪ ಅಮ್ಮನ ಸಹಿಯೂ ಬೇಡ. ಮೊದಲು ಆಪ್ತ ಸಮಾಲೋಚಕರು ನಿನ್ನೊಬ್ಬನ ಜೊತೆ ಮಾತಾಡುತ್ತಾರೆ, ಫಲಿತಾಂಶವನ್ನೂ ನಿನಗೇ ಹೇಳುತ್ತಾರೆ. ನಿನ್ನ ಒಪ್ಪಿಗೆ ಇಲ್ಲದೆ ಅದನ್ನು ಊರಲ್ಲಿ ಹೇಳಿಕೊಂಡು ಬರೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. ಮೂರು ತಿಂಗಳು ದಾಟಿದೆ ಅಲ್ವಾ, ಈಗ ನೆಗೆಟಿವ್ ಬಂದರೆ ನಂಬಬಹುದು, ಅದಾದ ಮೇಲೆ ಮತ್ತೆ ಅಂಥ ಸಂಪರ್ಕ ಆಗಿರಬಾರದು ಅಷ್ಟೆ. (ಇದನ್ನು ಓದುತ್ತಿರುವ ಬೇರೆಯವರಿಗೆ: ಸಂಪರ್ಕವಾಗಿ 72 ಗಂಟೆ ಆಗಿಲ್ಲದಿದ್ದರೆ ಕೂಡಲೇ ವೈದ್ಯರ ಹತ್ತಿರ ಓಡಿ, ಸೋಂಕು ತಡೆಯೋ ಮಾತ್ರೆ ಇದೆ.)

ಪಾಸಿಟಿವ್ ಬಂದರೆ? ಎಚ್‌ಐವಿಯನ್ನು ಹತೋಟಿಯಲ್ಲಿಡೋ ಎಆರ್‌ಟಿ ಮಾತ್ರೆ ಸರ್ಕಾರದಿಂದ ಉಚಿತ, ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡಲ್ಲ. ಮದುವೆ, ಮಕ್ಕಳು, ತೋಟದ ಕೆಲಸ, ಯಾವುದೂ ನಿಲ್ಲಲ್ಲ. ತಡ ಮಾಡಿದರೆ ಮಾತ್ರ ಕಷ್ಟ ಜಾಸ್ತಿ.

ಇನ್ನು ಆ ಅತ್ತೆ ವಿಷಯ. ಬಸುರಿಯರಿಗೂ ಟಿಬಿ ಇದ್ದವರಿಗೂ ಎಚ್‌ಐವಿ ಟೆಸ್ಟ್ ಮಾಡುತ್ತಾರಪ್ಪಾ. ಸೊಸೆ ಜೊತೆ ಬಂದಿರಬಹುದು. ಆ ಬೆಂಚಲ್ಲಿ ಕೂತವರನ್ನು ನೋಡಿ ಯಾರೂ ಏನೂ ಹೇಳೋಕಾಗಲ್ಲ, ನಿನ್ನನ್ನು ನೋಡಿಯೂ ಅಷ್ಟೆ.

ಹೊರಡೋ ಮೊದಲು ಧೈರ್ಯ ಸಾಲದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡು, ಅದೂ ಉಚಿತ. ಹೋಗಿ ಬಂದಮೇಲೆ ನನಗೆ ಎರಡು ಸಾಲು ಬರಿ.