ಹಳೇ ಹೆದ್ದಾರಿ, ಕಲ್ಲಿನ ಕಮಾನು: ನೀವು ಕೇಳಿದ್ದಕ್ಕೆ ಉತ್ತರ

ಪ್ರಶ್ನೆ: ಶಿವಮೊಗ್ಗದಿಂದ ಸಾಗರಕ್ಕೆ ಹೋಗೋವಾಗ ಆನಂದಪುರದ ಆಚೆ ಮೇನ್ ರೋಡ್ ಪಕ್ಕದಲ್ಲಿ ಹಳೇ ರಸ್ತೆಯ ತುಂಡೊಂದು ಕಾಣುತ್ತೆ, ಅದರಲ್ಲಿ ಕಲ್ಲಿನ ಕಮಾನು ಮೋರಿನೂ ಇದೆ. ಹಿಂದಿನೋರು ನೇರ ಹೋಗೋದು ಬಿಟ್ಟು ಯಾಕೆ ಅಷ್ಟು ಸುತ್ತು ಹಾಕಿದ್ರು? (ಸಾಗರದ ಓದುಗರು)

ಉತ್ತರ: ಆ ತಿರುವಿಗೆ ಕಾರಣ ಆ ಮೋರಿನೇ. ಕಲ್ಲಿನ ಕಮಾನು ಕಟ್ಟೋರು ಹಳ್ಳವನ್ನ ಓರೆಯಾಗಿ ದಾಟೋಕೆ ಹೋಗ್ತಿರಲಿಲ್ಲ, ಓರೆಯಾದ್ರೆ ಸೇತುವೆ ಉದ್ದ ಆಗುತ್ತೆ, ಒಂದೊಂದು ಕಲ್ಲನ್ನೂ ಬೇರೆ ಬೇರೆ ಕೋನಕ್ಕೆ ಕೆತ್ತಬೇಕು. ಅದಕ್ಕೇ ಹಳ್ಳ ಎಲ್ಲಿ ಕಿರಿದು, ದಡದಲ್ಲಿ ಎಲ್ಲಿ ಗಟ್ಟಿ ಬಂಡೆ ಸಿಗುತ್ತೆ ಅಂತ ಮೊದಲು ನೋಡಿ, ರಸ್ತೆನೇ ಅಲ್ಲಿಗೆ ತಿರುಗಿಸಿ ತಂದು, ನೀರಿಗೆ ಸರಿಯಾಗಿ ಅಡ್ಡ ದಾಟಿಸಿ, ಆಮೇಲೆ ಮತ್ತೆ ದಾರಿಗೆ ಸೇರಿಸ್ತಿದ್ರು. ಜೊತೆಗೆ ಎತ್ತಿನ ಗಾಡಿ ಭತ್ತದ ಮೂಟೆ ಹೊತ್ಕೊಂಡು ಏರು ಹತ್ತಬೇಕಿತ್ತಲ್ಲ, ಹಾಗಾಗಿ ಗುಡ್ಡ ಕಡಿಯೋದಕ್ಕಿಂತ ಗುಡ್ಡದ ಮೈ ಹಿಡ್ಕೊಂಡು ನಿಧಾನಕ್ಕೆ ಹತ್ತಿಸೋದೇ ಸರಿ ಅನ್ನಿಸಿತ್ತು ಅವರಿಗೆ. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರವರೆಗಿನ ಕಾಲದಲ್ಲಿ ಈ ಕಡೆ ರಸ್ತೆ ಕೆಲಸ ಜೋರಾಯ್ತು, 1856ರಲ್ಲಿ ಮೈಸೂರಿಗೆ ಅಂತಲೇ ಪಿಡಬ್ಲ್ಯೂಡಿ ಶುರುವಾಯ್ತು. ಆಗ ಜೆಸಿಬಿ ಎಲ್ಲಿತ್ತು ಮಾರಾಯ್ರೆ, ಗುದ್ದಲಿ, ಹಾರೆ, ಬುಟ್ಟಿ, ಅಷ್ಟೇ. ಲಾರಿ ಬಸ್ಸುಗಳ ಸ್ಪೀಡು ಜಾಸ್ತಿಯಾದ ಮೇಲೆ ತಿರುವು ಅಪಾಯ ಆಯ್ತು, ಕಾಂಕ್ರೀಟಿನಲ್ಲಿ ಹಳ್ಳನ ಓರೆಯಾಗಿ ದಾಟೋದೂ ಸುಲಭ ಆಯ್ತು, ಆಗ ರಸ್ತೆ ನೇರ ಮಾಡಿದ್ರು, ಹಳೇ ತುಂಡು ಅಲ್ಲೇ ಪಕ್ಕಕ್ಕೆ ಉಳೀತು.

ಇಂಥ ತುಂಡು ಹುಡುಕೋದು ಕಷ್ಟ ಏನಲ್ಲ. ಈಗಿನ ರೋಡಿನಿಂದ ದೂರ, ತೋಟದ ಬೇಲಿ ಒಳಗೆ ಎರಡು ಸಾಲು ದೊಡ್ಡ ಧೂಪದ ಮರ ಅಥವಾ ಮಾವಿನ ಮರ ಎದುರುಬದುರು ನಿಂತಿದ್ರೆ ಅದರ ನಡುವೆ ರಸ್ತೆ ಇದ್ದಿರೋ ಸಾಧ್ಯತೆ ಜಾಸ್ತಿ. ಮೈಲಿ, ಫರ್ಲಾಂಗು ಕೆತ್ತಿದ ಕಲ್ಲು ಸಿಕ್ಕಿದ್ರೆ ಅದು ಬಹುಮಟ್ಟಿಗೆ 60ರ ದಶಕಕ್ಕಿಂತ ಹಿಂದಿನದು, ಯಾಕಂದ್ರೆ ಆಮೇಲೆ ಕಿಲೋಮೀಟರ್ ಬಂತು. ದಯವಿಟ್ಟು ಆ ಕಲ್ಲನ್ನ ಕಿತ್ತು ಮನೆ ಅಂಗಳಕ್ಕೆ ತರಬೇಡಿ, ಅದು ನಿಂತ ಜಾಗದಲ್ಲಿದ್ರೇನೇ ಹಳೇ ದಾರಿ ಎಲ್ಲಿತ್ತು ಅಂತ ಗೊತ್ತಾಗೋದು.

ಪ್ರಶ್ನೆ: ನಮ್ಮ ರೋಡು 206ಓ, 69ಓ? (ಭದ್ರಾವತಿಯಿಂದ)

ಉತ್ತರ: ತುಮಕೂರಿಂದ ತಿಪಟೂರು, ಅರಸೀಕೆರೆ, ಕಡೂರು, ಭದ್ರಾವತಿ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಹೋಗೋ ಇಡೀ ದಾರಿಗೆ ಮೊದಲು 206 ಅಂತ ನಂಬರ್ ಇತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ನಮ್ಮ ಕಡೆ ಭಾಗ 69ಕ್ಕೆ ಸೇರ್ತು. ತೀರ್ಥಹಳ್ಳಿ, ಶೃಂಗೇರಿ ಮೇಲೆ ಮಂಗಳೂರಿಗೆ ಹೋಗ್ತಿದ್ದ ಹಳೇ 13 ಈಗ 169, ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗೋದು 169ಎ. ಹಳೇ ಕಾಗದಪತ್ರ ಹುಡುಕೋವಾಗ ಹಳೇ ನಂಬರಲ್ಲೇ ಕೇಳಿ.

ಪ್ರಶ್ನೆ: ನಮ್ಮೂರಿನ ಹಳೇ ಕಮಾನು ಮೋರಿ ಮೇಲೆ ಈಗಲೂ ಅಡಿಕೆ ಲೋಡು, ಜಲ್ಲಿ ಟಿಪ್ಪರ್ ಎಲ್ಲ ಹೋಗುತ್ತೆ. ಕೆಲವರು ಸಿಮೆಂಟ್ ಮೆತ್ತಿಸೋಣ ಅಂತಾರೆ, ಕೆಲವರು ಒಡೆದು ಪೈಪ್ ಹಾಕೋಣ ಅಂತಾರೆ. ಏನು ಮಾಡೋದು? (ಹೊಸನಗರ ತಾಲೂಕಿನಿಂದ)

ಉತ್ತರ: ಎರಡೂ ಬೇಡ, ಮೊದಲು ನೋಡಿಸಿ. ಕಮಾನಿನಲ್ಲಿ ಭಾರ ಬಿದ್ದಷ್ಟೂ ಕಲ್ಲು ಕಲ್ಲನ್ನ ಒತ್ತಿ ಹಿಡಿಯುತ್ತೆ, ಒಳಗೆ ಕಬ್ಬಿಣ ಇಲ್ಲ, ತುಕ್ಕಿನ ಮಾತೇ ಇಲ್ಲ. ಸುಣ್ಣದ ಗಾರೆ ಸ್ವಲ್ಪ ಬಾಗುತ್ತೆ, ಒಳಗೆ ಇಳಿದ ನೀರನ್ನ ಹೊರಗೂ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ನೀರು ಒಳಗೇ ನಿಲ್ಲುತ್ತೆ, ನಮ್ಮ ಮಳೆಗೆ ಅದು ಬಹಳ ಕೆಟ್ಟದ್ದು. ಸಂದು ಬಿಟ್ಟಿದ್ರೆ ಸುಣ್ಣದ ಗಾರೆಯಲ್ಲೇ ತುಂಬಿಸ್ಬೇಕು. ಅತ್ತಿ, ಅರಳಿ ಸಸಿ ಹುಟ್ಟಿದ್ರೆ ಬೆರಳು ಗಾತ್ರ ಇರೋವಾಗಲೇ ತೆಗೀರಿ, ಬೇರು ದಪ್ಪ ಆದ್ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತೆ. ಮಳೆಗಾಲಕ್ಕೆ ಮುಂಚೆ ಮೋರಿ ಬಾಯಿಗೆ ಸಿಕ್ಕಿಕೊಂಡ ಮರದ ದಿಮ್ಮಿ, ಕಸ ತೆಗೆಸಿ. ಪೈಪ್ ಹಾಕೋ ಮಾತು ನನಗೆ ಒಪ್ಪಿಗೆ ಇಲ್ಲ, ಕಮಾನಿನಷ್ಟು ಅಗಲಕ್ಕೆ ಹೋಗ್ತಿದ್ದ ನೀರು ಎರಡು ಪೈಪಿನಲ್ಲಿ ಹೋಗಲ್ಲ, ಒಂದು ಕೊಂಬೆ ಅಡ್ಡ ಬಂದ್ರೂ ರಸ್ತೆನೇ ಕೊಚ್ಚಿಕೊಂಡು ಹೋಗುತ್ತೆ.

ಹಾಗಂತ ಹಳೇದೆಲ್ಲ ಗಟ್ಟಿ ಅಂತ ನಂಬಿ ಕೂರೋದೂ ತಪ್ಪು. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಸೇತುವೆ ಪ್ರವಾಹಕ್ಕೆ ಕುಸಿದು ಬಸ್ಸುಗಳೇ ಕೊಚ್ಚಿ ಹೋದ್ವು. ಇತ್ತ 2024ರ ಆಗಸ್ಟ್ 7ಕ್ಕೆ ಕಾರವಾರದಲ್ಲಿ ಕಾಳಿ ನದಿಗೆ ಬಿದ್ದಿದ್ದು ಕಾಂಕ್ರೀಟಿನ ಸೇತುವೆ, ಅದಕ್ಕೆ ನಲವತ್ತು ವರ್ಷದ ಆಸುಪಾಸು. ವಯಸ್ಸೊಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ, ನೋಡಬೇಕಾದ್ದು ಬುಡ. ಹಳ್ಳದಲ್ಲಿ ಮರಳು ತೆಗೆದು ತಳ ಕೆಳಗಿಳಿದಿದ್ಯಾ, ಕಾಲಿನ ಕೆಳಗೆ ನೀರು ಕೊರೆದಿದ್ಯಾ, ಕಮಾನಿನ ಹೊಟ್ಟೆಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿದ್ಯಾ, ಕಲ್ಲು ಜಾರಿದ್ಯಾ. ಇದರಲ್ಲಿ ಒಂದು ಕಂಡ್ರೂ ಟಿಪ್ಪರ್ ಅವತ್ತೇ ನಿಲ್ಲಿಸಿ, ಪಿಡಬ್ಲ್ಯೂಡಿ ಇಂಜಿನಿಯರಿಗೆ ಫೋಟೋ ಸಮೇತ ಬರೆದು ಕೊಡಿ.

ಪ್ರಶ್ನೆ: ಹಳೇ ರಸ್ತೆ ತುಂಡನ್ನ ಪಕ್ಕದ ತೋಟದವರು ಬೇಲಿ ಹಾಕಿ ಒಳಗೆ ಸೇರಿಸ್ಕೊಂಡಿದಾರೆ, ಇದು ಸರೀನಾ? (ತೀರ್ಥಹಳ್ಳಿ ಕಡೆಯವರು)

ಉತ್ತರ: ಸರಿ ಅಲ್ಲ. ಓಡಾಟ ನಿಂತ ಮಾತ್ರಕ್ಕೆ ಸರ್ಕಾರಿ ರಸ್ತೆ ಯಾರ ಸ್ವಂತದ್ದೂ ಆಗಲ್ಲ. ಗ್ರಾಮ ನಕ್ಷೆ ತೆಗೆಸಿ ನೋಡಿ, ಭೂದಾಖಲೆ ಇಲಾಖೆಯ ಆನ್‌ಲೈನ್ ಕಂದಾಯ ನಕ್ಷೆಯಲ್ಲೂ ಸಿಗುತ್ತೆ, ಪಹಣಿಯಲ್ಲಿ ಬಿ ಖರಾಬ್ ಅಂತ ಇದ್ರೆ ಅದು ಸಾರ್ವಜನಿಕ ಜಾಗ. ಮೊದಲು ಆ ಮನೆಯವರ ಹತ್ರ ಕೂತು ಮಾತಾಡಿ, ಆಗ್ಲಿಲ್ಲ ಅಂದ್ರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ.

ಪ್ರಶ್ನೆ: ಸಿಗಂದೂರು ಸೇತುವೆ ಆಯ್ತಲ್ಲ, ಮುಳುಗಿದ ಹಳೇ ದಾರಿಗಳ ಕಥೆ ಮುಗೀತಾ? (ಕರೂರು ಹೋಬಳಿಯಿಂದ)

ಉತ್ತರ: ಮುಗಿದಿಲ್ಲ. 1964ರಲ್ಲಿ ಕರೆಂಟಿಗೆ ಅಂತ ಶರಾವತಿಗೆ ಲಿಂಗನಮಕ್ಕಿ ಡ್ಯಾಮ್ ಆದಾಗ ಊರು, ಗದ್ದೆ ಜೊತೆ ದಾರಿನೂ ಮುಳುಗ್ತು, ಅದಕ್ಕಿಂತ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಹೋಯ್ತು. ಆವತ್ತಿಂದ ನಿಮ್ಮ ಕಡೆಯವರು ಆಸ್ಪತ್ರೆಗೂ ಕಾಲೇಜಿಗೂ ಹೊಳೆಬಾಗಿಲಲ್ಲಿ ಲಾಂಚ್ ಕಾಯ್ತಾ ಬದುಕಿದ್ರು. ಅಂಬಾರಗೋಡ್ಲು ಕಳಸವಳ್ಳಿ ನಡುವಿನ 2.44 ಕಿಲೋಮೀಟರ್ ಸೇತುವೆ ತೆರೆದಿದ್ದು 2025ರ ಜುಲೈ 14ಕ್ಕೆ. ಆರು ದಶಕ! ನಾಡಿಗೆ ಕರೆಂಟ್ ಕೊಟ್ಟ ಜನಕ್ಕೆ ಇಷ್ಟು ತಡ ಆಗಬಾರದಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರು ಕಡೆ ಹಳೇ ಅಣೆಕಟ್ಟು ಮೇಲೆ ಬರುತ್ತೆ, ಹಳೇ ದಾರಿ ನೆನಪಿರೋ ಹಿರಿಯರು ನಿಮ್ಮೂರಲ್ಲಿ ಇನ್ನೂ ಇದ್ರೆ ಅವರನ್ನ ಕರ್ಕೊಂಡು ಹೋಗಿ, ಯಾವ ಊರಿಂದ ಯಾವ ಊರಿಗೆ ಎಲ್ಲಿ ದಾಟ್ತಿದ್ರು ಅಂತ ಕೇಳಿ ಮೊಬೈಲಲ್ಲಿ ಮ್ಯಾಪ್ ಮೇಲೆ ಗುರುತು ಹಾಕ್ಕೊಳ್ಳಿ. ಈ ಕೆಲಸ ಬರೋ ಬೇಸಿಗೆಯಲ್ಲೇ ಆಗ್ಲಿ, ಗುರುತು ಹಾಕಿದ್ದು ನಮಗೂ ಕಳಿಸಿ, ಅಚ್ಚು ಹಾಕ್ತೀವಿ.