ಹ್ಯಾಟೆ ಎಷ್ಟಕ್ಕೆ ಹೋಯಿತು?

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಜೊತೆಗೆ ಕಾದಂಬರಿಯೊಂದರ ಮೊದಲ ಮೂರು ಅಧ್ಯಾಯಗಳ ಹಸ್ತಪ್ರತಿಯನ್ನೂ ಇಟ್ಟಿದ್ದಾರೆ. ಹೆಸರು ಹಾಕಬೇಡಿ ಎಂದು ಕೋರಿದ್ದಾರೆ. ಪತ್ರದ ತಿರುಳು ಇಷ್ಟು: ‘ಪ್ರಾಥಮಿಕ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ಅದಕ್ಕೂ ಹೆಚ್ಚು ಕಾಲ ನಮ್ಮ ದೇವಾಲಯದ ಸಂಡೇಸ್ಕೂಲಿನಲ್ಲಿ ಮಕ್ಕಳಿಗೆ ಕಥೆ ಹೇಳಿದ್ದೇನೆ. ಈಗ ಹನ್ನೆರಡರಿಂದ ಹದಿನೈದು ವಯಸ್ಸಿನವರಿಗಾಗಿ ಒಂದು ಕ್ರೈಸ್ತ ಕಾದಂಬರಿ ಬರೆಯುವ ಆಸೆ. ಅರವತ್ತೊಂದು ತುಂಬಿತು. ತಡವಾಯಿತೇ? ನಮ್ಮವರಲ್ಲದ ಮಕ್ಕಳು ಓದುತ್ತಾರೆಯೇ? ಮತಪ್ರಚಾರ ಎಂದುಬಿಡುತ್ತಾರೆಯೇ? ಸಿ.ಎಸ್. ಲೂಯಿಸ್ ತಡವಾಗಿ ಬರೆದರಲ್ಲ ಎಂದು ನನ್ನ ಮಗ ಧೈರ್ಯ ಹೇಳುತ್ತಾನೆ. ಅವರಿಗೆ ಆಕ್ಸ್‌ಫರ್ಡ್ ಇತ್ತು. ನನಗೇನಿದೆ?’

ಟೀಚರಮ್ಮನವರಿಗೆ ನಮಸ್ಕಾರ. ಹೆಸರು ಬೇಡವೆಂದಿರಿ, ಕರೆಯಲು ಏನಾದರೊಂದು ಬೇಕಲ್ಲ.

ನಿಮ್ಮ ಪತ್ರ ಬಂದು ಎರಡು ತಿಂಗಳಾಯಿತು. ಇಂಥ ಪತ್ರಗಳಿಗೆ ಸಾಮಾನ್ಯವಾಗಿ ನಾಲ್ಕು ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳುವವನು ನಾನು. ಈ ಸಲ ಆಗಲಿಲ್ಲ. ನಿಮ್ಮ ಎರಡನೆಯ ಅಧ್ಯಾಯ ಬಿಡಲಿಲ್ಲ. ಮೂರನೆಯದನ್ನು ಓದಿ ಸಿಟ್ಟೂ ಬಂತು. ಎರಡನ್ನೂ ಹೇಳುತ್ತೇನೆ.

ಲೂಯಿಸ್ ಅವರ ಲೆಕ್ಕವನ್ನು ಮೊದಲು ಚುಕ್ತಾ ಮಾಡಿಬಿಡೋಣ. ಮಕ್ಕಳಿಗಾಗಿ ಅವರು ಬರೆದ ನಾರ್ನಿಯಾ ಕಾದಂಬರಿ ಮಾಲೆಯ ಮೊದಲ ಪುಸ್ತಕ 1950ರಲ್ಲಿ ಬಂದಾಗ ಅವರಿಗೆ ಐವತ್ತೆರಡು ತುಂಬುವುದರಲ್ಲಿತ್ತು. ಆಗಿನ್ನೂ ಅವಿವಾಹಿತರು, ಸ್ವಂತ ಮಕ್ಕಳಿಲ್ಲ. ಹುಡುಗನಾಗಿದ್ದಾಗ ದೇವರನ್ನು ಬಿಟ್ಟವರು ಮೂವತ್ತೆರಡನೆಯ ವಯಸ್ಸಿನಲ್ಲಿ, 1931ರಲ್ಲಿ, ಕ್ರೈಸ್ತ ನಂಬಿಕೆಗೆ ಮರಳಿದ್ದರು. ಆಕ್ಸ್‌ಫರ್ಡ್ ಈ ಕೆಲಸದಲ್ಲಿ ಅವರಿಗೆ ಒದಗಿದ್ದು ಅಷ್ಟಕ್ಕಷ್ಟೇ. ಅಲ್ಲಿದ್ದ ಆಪ್ತ ಗೆಳೆಯ, ಲೇಖಕ ಟೋಲ್ಕಿನ್‌ಗೇ ಆ ಕಥೆ ಹಿಡಿಸಲಿಲ್ಲ. ಲೂಯಿಸ್ ಅವರ ಬಳಿ ಇದ್ದದ್ದು ಒಂದು ಚಿತ್ರ. ಹಿಮ ಬಿದ್ದ ಕಾಡಿನಲ್ಲಿ ಮೇಲೆ ಮನುಷ್ಯ, ಕೆಳಗೆ ಮೇಕೆಯಾದ ಒಂದು ಜೀವಿ ಕೊಡೆ ಹಿಡಿದು, ಪೊಟ್ಟಣಗಳನ್ನು ಹೊತ್ತು ಹೋಗುತ್ತಿದೆ. ಹದಿನಾರನೆಯ ವಯಸ್ಸಿನಿಂದ ಅದು ಅವರ ತಲೆಯಲ್ಲಿತ್ತಂತೆ. ನಲವತ್ತರ ಹೊತ್ತಿಗೆ ಇದನ್ನೊಂದು ಕಥೆ ಮಾಡಿ ನೋಡೋಣ ಎನಿಸಿತು. 1939ರಲ್ಲಿ ಯುದ್ಧ ಶುರುವಾಗಿ ಲಂಡನ್ನಿನಿಂದ ಸಾಗಿಸಿದ ಶಾಲಾ ಮಕ್ಕಳಲ್ಲಿ ಕೆಲವರು ಅವರ ಮನೆಯಲ್ಲೂ ಬಂದು ಉಳಿದರು. ಆಮೇಲೆ ಎಷ್ಟೋ ವರ್ಷ ಕಥೆ ಮುಂದೆ ಸರಿಯಲಿಲ್ಲ. ಕೊನೆಗೆ ಎಲ್ಲಿಂದಲೋ ಸಿಂಹ ಬಂತು, ಬಂದು ಎಲ್ಲವನ್ನೂ ಎಳೆದುಕೊಂಡು ಹೋಯಿತು. ಮೊದಲಿಗೆ ಅದರಲ್ಲಿ ಕ್ರೈಸ್ತವೆನ್ನುವಂಥದ್ದು ಏನೂ ಇರಲಿಲ್ಲ, ಅದು ತಾನಾಗಿಯೇ ಒಳಗೆ ನುಗ್ಗಿತು ಎಂದು ಅವರೇ ಬರೆದುಕೊಂಡಿದ್ದಾರೆ.

ನನಗೇನಿದೆ ಎಂದು ಕೇಳಿದಿರಿ. ನಿಮಗೆ ಹ್ಯಾಟೆಯಿದೆ.

ಈ ಅಂಕಣದ ಓದುಗರಿಗಾಗಿ ನಿಮ್ಮ ಎರಡನೆಯ ಅಧ್ಯಾಯವನ್ನು ಸ್ವಲ್ಪ ಹೇಳುತ್ತೇನೆ, ಕ್ಷಮಿಸಿ. ಹತ್ತು ವರ್ಷದ ಹುಡುಗ, ಅವನ ಅಜ್ಜಿ, ಮರಿಯಿಂದ ಅವನೇ ಸಾಕಿದ ಕೆಂಪು ಹ್ಯಾಟೆ ಕೋಳಿ. ದೇವಾಲಯದ ಸುಗ್ಗಿ ಹಬ್ಬಕ್ಕೆ ಕಾಣಿಕೆ ಕೊಡಬೇಕು. ಆ ವರ್ಷ ಮಳೆ ಕೈಕೊಟ್ಟಿದೆ, ಮನೆಯಲ್ಲಿ ಕೊಡುವಂಥದ್ದು ಬೇರೇನೂ ಇಲ್ಲ. ಭಾನುವಾರ ಬೆಳಿಗ್ಗೆ ಅಜ್ಜಿ ಕೋಳಿ ಮುಚ್ಚಿದ ಮಂಕರಿ ಎತ್ತಿ, ಹಳೆಯ ಸೀರೆಯ ಅಂಚನ್ನು ಹರಿದು ಹ್ಯಾಟೆಯ ಕಾಲು ಕಟ್ಟುತ್ತಾಳೆ. ತಲೆಕೆಳಗಾಗಿ ಹಿಡಿದು ನಡೆಯಲು ಹುಡುಗ ಒಪ್ಪುವುದಿಲ್ಲ. ಎದೆಗೆ ಅವುಚಿಕೊಂಡು ಹೋಗುತ್ತಾನೆ. ದೇವಾಲಯದಲ್ಲಿ ಕುಂಬಳಕಾಯಿ, ರಾಗಿ ತೆನೆ, ಕಬ್ಬಿನ ಜಲ್ಲೆ, ತೆಂಗಿನಕಾಯಿ, ಒಂದು ಬುಟ್ಟಿ ಮೊಟ್ಟೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಹುಡುಗ ಕಟ್ಟಡದ ಹಿಂದೆ ಹೋಗಿ ನಿಂತು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾನೆ. ಅವನ ಜೇಬಿನಲ್ಲಿ ಹನ್ನೊಂದು ರೂಪಾಯಿ. ಸವಾಲು ಕೂಗುವುದು ಕೇಳಿಸುತ್ತದೆ: ನೂರೈವತ್ತು, ನೂರೆಂಬತ್ತು. ಬೆಲೆ ಏರಿದಾಗಲೆಲ್ಲ ಅವನಿಗೆ ಹೆಮ್ಮೆಯಾಗುತ್ತದೆ, ಹೊಟ್ಟೆಯನ್ನೂ ಕಿವುಚಿದಂತಾಗುತ್ತದೆ.

ಟೀಚರಮ್ಮ, ಆ ಹೆಮ್ಮೆ ಇದೆಯಲ್ಲ, ಅದು ಓದಿ ಬರುವುದಲ್ಲ. ಅಳು ಎಲ್ಲರೂ ಬರೆಯುತ್ತಾರೆ. ತನ್ನ ಕೋಳಿಗೆ ಹೆಚ್ಚು ಬೆಲೆ ಬಂತೆಂದು ಹುಡುಗ ಒಳಗೊಳಗೇ ಉಬ್ಬುವುದನ್ನು ಬರೆಯಬೇಕಾದರೆ ನೀವು ಅಲ್ಲಿ ನಿಂತಿದ್ದಿರಬೇಕು, ಇಲ್ಲವೇ ನಿಂತಿದ್ದವರನ್ನು ಬಹಳ ವರ್ಷ ನೋಡಿರಬೇಕು.

ಇನ್ನು ಮೂರನೆಯ ಅಧ್ಯಾಯ. ಸಭಾಪಾಲಕರು, ಎಂದರೆ ಪಾದ್ರಿಗಳು, ಬಂದು ಹುಡುಗನ ಹೆಗಲ ಮೇಲೆ ಕೈಯಿಡುತ್ತಾರೆ. ಎರಡೂವರೆ ಪುಟ ಅಬ್ರಹಾಮನ ನಂಬಿಕೆಯನ್ನು ವಿವರಿಸುತ್ತಾರೆ. ಹುಡುಗ ಕಣ್ಣೊರೆಸಿಕೊಂಡು ‘ಅಯ್ಯನವರೇ, ಕೊಡುವುದರಲ್ಲೇ ನಿಜವಾದ ಆನಂದವಿದೆ’ ಎನ್ನುತ್ತಾನೆ. ಹತ್ತು ವರ್ಷದ ಯಾವ ಹುಡುಗನ ಬಾಯಲ್ಲೂ ಈ ಮಾತನ್ನು ನಾನು ಕೇಳಿಲ್ಲ. ಮೂವತ್ನಾಲ್ಕು ವರ್ಷ ಮಕ್ಕಳ ನಡುವೆ ಇದ್ದ ನೀವೂ ಕೇಳಿರಲಾರಿರಿ. ಆ ವಾಕ್ಯ ಬರೆದದ್ದು ನಿಮ್ಮೊಳಗಿನ ಸಂಡೇಸ್ಕೂಲ್ ಟೀಚರು. ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸಬೇಕು ಎಂಬ ಅವಸರ ಅವರದು.

ಅಬ್ರಹಾಮನನ್ನು ನೀವೇ ಎಳೆದು ತಂದಿದ್ದರಿಂದ ಕೇಳುತ್ತೇನೆ. ಬೈಬಲಿನ ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆದು ನೋಡಿ. ದೇವರು ಕೇಳಿದನೆಂದು ಅಬ್ರಹಾಮ ಮಗ ಇಸಾಕನನ್ನೇ ಬಲಿಕೊಡಲು ಹೊರಟ ಕಥೆ ಅದು. ಬೆಟ್ಟ ಹತ್ತುವಾಗ ಮಗ ಕೇಳುವುದು ಒಂದೇ ಪ್ರಶ್ನೆ: ಬೆಂಕಿ ಇದೆ, ಕಟ್ಟಿಗೆ ಇದೆ, ಕುರಿ ಎಲ್ಲಿ? ಅಪ್ಪ ಒಂದು ಸಾಲಿನ ಉತ್ತರ ಕೊಡುತ್ತಾನೆ, ಇಬ್ಬರೂ ಮುಂದೆ ನಡೆಯುತ್ತಾರೆ. ಇಸಾಕನಿಗೆ ಏನನಿಸಿತು ಎಂದು ಒಂದಕ್ಷರವಿಲ್ಲ. ಕೆಳಗಿಳಿಯುವಾಗ ಅಪ್ಪ ಮಗ ಏನು ಮಾತಾಡಿಕೊಂಡರು ಎಂದೂ ಇಲ್ಲ. ಧರ್ಮಗ್ರಂಥವೇ ವಿವರಿಸದೆ ಬಿಟ್ಟದ್ದನ್ನು ನಿಮ್ಮ ಸಭಾಪಾಲಕರು ಎರಡೂವರೆ ಪುಟ ವಿವರಿಸುತ್ತಾರೆ!

ಲೂಯಿಸ್ ಅವರಿಗಿಂತ ನಿಮಗೆ ಹತ್ತಿರದವರು ಅಮೆರಿಕದ ಕ್ಯಾಥರೀನ್ ಪ್ಯಾಟರ್ಸನ್. 1932ರಲ್ಲಿ ಚೀನಾದಲ್ಲಿ ಮಿಷನರಿ ದಂಪತಿಗೆ ಹುಟ್ಟಿದವರು. ತಾವೂ ಜಪಾನಿನಲ್ಲಿ ನಾಲ್ಕು ವರ್ಷ ಮಿಷನ್ ಕೆಲಸ ಮಾಡಿದರು. ಮದುವೆಯಾದದ್ದು ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರನ್ನು. ಅವರ ಮೊದಲ ಪುಸ್ತಕ 1966ರಲ್ಲಿ ಬಂತು. ಅದು ಕಥೆಯಲ್ಲ, ಚರ್ಚಿನ ಮಕ್ಕಳ ಪಾಠಕ್ಕೆಂದು ಬರೆದದ್ದು. ಆಮೇಲೆ ವರ್ಷಗಟ್ಟಲೆ ಕಳಿಸಿದ ಕಥೆಗಳೆಲ್ಲ ವಾಪಸು. ಮನೆಯಲ್ಲಿ ನಾಲ್ಕು ಸಣ್ಣ ಮಕ್ಕಳು. ಅವರ ಚರ್ಚಿನ ಮಹಿಳೆಯೊಬ್ಬರು ಮರುಕಪಟ್ಟು, ವಾರಕ್ಕೊಂದು ರಾತ್ರಿ ನಡೆಯುತ್ತಿದ್ದ ವಯಸ್ಕರ ಬರವಣಿಗೆ ತರಗತಿಗೆ ಕರೆದುಕೊಂಡು ಹೋದರು. ಅಲ್ಲಿ ವಾರಕ್ಕೊಂದು ಅಧ್ಯಾಯದಂತೆ ಬರೆದದ್ದೇ ಮೊದಲ ಕಾದಂಬರಿಯಾಯಿತು. ಅದು ಅಚ್ಚಾದದ್ದು 1973ರಲ್ಲಿ. ಕಥೆ ನಡೆಯುವುದು ಹನ್ನೆರಡನೆಯ ಶತಮಾನದ ಜಪಾನಿನಲ್ಲಿ; ಪಾದ್ರಿಯ ಹೆಂಡತಿಯ ಕಾದಂಬರಿಯಲ್ಲಿ ಚರ್ಚಿನ ನೆರಳೂ ಇಲ್ಲ.

ಮರುವರ್ಷ ಅವರ ಮಗನ ಆಪ್ತ ಗೆಳತಿ, ಎಂಟು ವರ್ಷದ ಹುಡುಗಿ, ಸಿಡಿಲು ಬಡಿದು ಸತ್ತಳು. ಎಂಟು ವರ್ಷದ ಮಗನಿಗೆ ಏನೆಂದು ಹೇಳುವುದು? ದೇವರ ಚಿತ್ತ ಎನ್ನಬಹುದಿತ್ತು; ಆ ಮನೆಯಲ್ಲಿ ಅಂಥ ಮಾತಿಗೆ ಬರವಿರಲಿಲ್ಲ. ಅವರು ಕಾದಂಬರಿ ಬರೆಯಲು ಕುಳಿತರು. ಹುಡುಗಿ ಸಾಯುವ ಅಧ್ಯಾಯ ಹತ್ತಿರ ಬಂದಾಗ ಕೈ ಓಡದೆ ಅದನ್ನು ಮುಂದೂಡುತ್ತ ಹೋದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಪುಸ್ತಕ 1977ರಲ್ಲಿ ಬಂದು, ಮರುವರ್ಷ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ಪಡೆಯಿತು. ಅದರಲ್ಲಿ ಸತ್ತ ಗೆಳತಿ ನರಕಕ್ಕೆ ಹೋಗಿರಬಹುದೇ ಎಂದು ಹುಡುಗ ಹೆದರುತ್ತಾನೆ. ದಿನವಿಡೀ ದುಡಿದು ದಣಿಯುವ, ಮಾತು ಕಡಿಮೆಯ ಅಪ್ಪ, ದೇವರು ಪುಟ್ಟ ಹುಡುಗಿಯರನ್ನು ನರಕಕ್ಕೆ ಕಳಿಸುವವನಲ್ಲ ಎನ್ನುತ್ತಾನೆ. ಅಷ್ಟೇ. ಇಡೀ ಪುಸ್ತಕದ ಧರ್ಮಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿದೆ, ಅದೂ ಪಾದ್ರಿಯ ಬಾಯಲ್ಲಿ ಬಂದದ್ದಲ್ಲ. ಹೀಗಿದ್ದೂ ಅಮೆರಿಕದ ಶಾಲಾ ಗ್ರಂಥಾಲಯಗಳಲ್ಲಿ ಪಾಲಕರ ಆಕ್ಷೇಪಣೆಗೆ ಹೆಚ್ಚಾಗಿ ಗುರಿಯಾದ ಪುಸ್ತಕಗಳಲ್ಲಿ ಅದೂ ಒಂದು. ಧರ್ಮದ ಹೆಸರಿನಲ್ಲೇ ಆಕ್ಷೇಪಿಸಿದವರೂ ಇದ್ದರು. ನೀವು ಹೊರಗಿನವರ ಬಾಯಿಗೆ ಹೆದರಿದ್ದೀರಿ. ಒಳಗಿನವರಿಗೂ ಸ್ವಲ್ಪ ತಯಾರಾಗಿರಿ.

ಹೊರಗಿನವರ ವಿಷಯಕ್ಕೆ ಬಂದೆ. ನಾನೇ ಹೊರಗಿನವನು. ಏಳು ವರ್ಷದವನಿದ್ದಾಗ ನನಗೆ ಜ್ವರ ಬಂದು ಹದಿನೈದು ದಿನ ಇಳಿಯಲಿಲ್ಲ. ನನ್ನ ಅಜ್ಜಿ ಮಾರಮ್ಮನಿಗೆ ಹುಂಜದ ಹರಕೆ ಹೊತ್ತಳು. ಜ್ವರ ಇಳಿಯಿತು. ಹಬ್ಬ ಬರುವವರೆಗೆ ಆ ಹುಂಜವನ್ನು ನೋಡಿಕೊಳ್ಳುವ ಕೆಲಸ ನನಗೇ ಬಿತ್ತು. ಆರು ತಿಂಗಳು ನನ್ನ ಹಿಂದೆ ಮುಂದೆ ಓಡಾಡಿಕೊಂಡಿತ್ತು. ನಾನು ಬದುಕಿದ್ದಕ್ಕೆ ಅದು ಸಾಯುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹಬ್ಬದ ದಿನ ಹಿತ್ತಿಲ ಹುಲ್ಲಿನ ಮೆದೆಯ ಹಿಂದೆ ಕೂತಿದ್ದೆ. ರಾತ್ರಿ ಊಟಕ್ಕೆ ಕರೆದರು. ಹೋದೆ, ಉಂಡೆ. ಉಂಡದ್ದು ಇವತ್ತಿಗೂ ನೆನಪಿದೆ.

ಐವತ್ತು ವರ್ಷದ ಮೇಲೆ ನಿಮ್ಮ ಹುಡುಗ ದೇವಾಲಯದ ಹಿಂದೆ ಸುಣ್ಣ ಕೆರೆಯುವುದನ್ನು ಓದಿದಾಗ ನಾನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮವರಲ್ಲದ ಮಕ್ಕಳು ಓದುತ್ತಾರೆಯೇ ಎಂಬ ಪ್ರಶ್ನೆಗೆ ನನ್ನ ಬಳಿ ಇರುವ ಸಾಕ್ಷಿ ಇಷ್ಟೇ. ಮತಪ್ರಚಾರ ಎನ್ನುವ ಮಾತು ಬಂದರೆ ಮೂರನೆಯ ಅಧ್ಯಾಯಕ್ಕೆ ಬರುತ್ತದೆ. ಬಂದರೆ ನಾನು ನಿಮ್ಮ ಪರ ವಾದಿಸಲಾರೆ.

ಹಾಗೆಂದು ದೇವಾಲಯವನ್ನು ಮಸುಕು ಮಾಡಿ ‘ಸಮುದಾಯ ಭವನ’ ಮಾಡಿಬಿಡಬೇಡಿ. ಕೆಲವರು ಹಾಗೆ ಸಲಹೆ ಕೊಟ್ಟಾರು. ಸುಗ್ಗಿ ಹಬ್ಬ, ಹರಾಜು, ಕ್ರಿಸ್ಮಸ್ ಹಿಂದಿನ ರಾತ್ರಿ ಮನೆಮನೆಗೆ ಬರುವ ಹಾಡಿನ ತಂಡ, ಸಮಾಧಿಗೆ ಸುಣ್ಣ ಬಳಿಯುವ ದಿನ, ಎಲ್ಲವೂ ಇರಲಿ, ಹೆಸರು ಹಿಡಿದೇ ಇರಲಿ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಇವನ್ನು ನಾನು ಕಂಡದ್ದು ಬಹಳ ಕಡಿಮೆ. ಸಾಗರದ ನಾ. ಡಿಸೋಜ ಅವರನ್ನೇ ನೋಡಿ. ಇಗರ್ಜಿಯೂ ಅದರ ಸುತ್ತಲಿನ ಮನೆಗಳೂ ಅವರ ಬರಹದಲ್ಲಿವೆ, ಶರಾವತಿಯಲ್ಲಿ ಮುಳುಗಿದ ಊರುಗಳೂ ಇವೆ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡೇ ಬರೆದರು. ಮಕ್ಕಳ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದದ್ದು 2011ರಲ್ಲಿ, ಅವರ ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಅವರನ್ನು ಕನ್ನಡಿಗರು ಕ್ರೈಸ್ತ ಕಾದಂಬರಿಕಾರ ಎಂದು ಕರೆಯಲಿಲ್ಲ, ನಾ. ಡಿಸೋಜ ಎಂದೇ ಕರೆದರು. ‘ಕ್ರೈಸ್ತ ಕಾದಂಬರಿಕಾರ್ತಿ’ ಎಂದು ನಿಮ್ಮ ಹಸ್ತಪ್ರತಿಯ ಮೊದಲ ಪುಟದಲ್ಲಿ ಹೆಸರಿನ ಕೆಳಗೆ ಬರೆದುಕೊಂಡಿದ್ದೀರಲ್ಲ, ಅದನ್ನು ನಾನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೇನೆ. ಬೇಕೆಂದರೆ ರಬ್ಬರಿನಿಂದ ಅಳಿಸಿ ಉಳಿಸಿಕೊಳ್ಳಿ.

ಭಾಷೆಯದೊಂದು ಮಾತು. ನಿಮ್ಮ ಅಜ್ಜಿ ಮೊದಲ ಅಧ್ಯಾಯದಲ್ಲಿ ಗುಬ್ಬಿಯ ಅಜ್ಜಿ. ಪ್ರಾರ್ಥನೆಗೆ ಕೂತ ಕೂಡಲೇ ಹಳೆಯ ಸತ್ಯವೇದದ, ಎಂದರೆ ಬೈಬಲಿನ, ಕನ್ನಡದಲ್ಲಿ ಮಾತಾಡುತ್ತಾಳೆ. ಮೊದಲು ಇದು ತಪ್ಪು ಎಂದು ಗುರುತು ಹಾಕಿದ್ದೆ. ಆಮೇಲೆ ಯೋಚಿಸಿದರೆ ನಿಜವಾಗಿಯೂ ಅಜ್ಜಿಯರು ಹಾಗೆಯೇ ಪ್ರಾರ್ಥಿಸುತ್ತಾರೆ, ಗುರುತು ಅಳಿಸಿದೆ. ಆದರೆ ಕಥೆ ಹೇಳುವ ನೀವೂ ಅದೇ ಕನ್ನಡಕ್ಕೆ ಜಾರುತ್ತೀರಿ. ‘ಆತನ ಕೃಪಾತಿಶಯದಿಂದ’ ಎಂಬುದು ಮೂರು ಕಡೆ ಇದೆ. ನಿಘಂಟಿನ ಕಿಟೆಲ್ ಅವರು ಕ್ರಿಸ್ತನ ಕಥೆಯನ್ನು ಹೇಳಲು ಕನ್ನಡದ ಛಂದಸ್ಸಿಗೇ ಕೈಹಾಕಿದವರು. ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ಕನ್ನಡಕ್ಕೆ ತಂದವರು ಯೆಹೋವನನ್ನು ‘ಕುರುಬ’ ಎಂದೇ ಕರೆದರು. ಕಂಬಳಿ ಹೊದ್ದು, ಕೋಲು ಹಿಡಿದು ನಿಮ್ಮ ಊರಿನ ಬೀಳಿನಲ್ಲಿ ಮಂದೆ ಕಾಯುವವನು. ನಿಮ್ಮ ಹುಡುಗ ಆ ಕೀರ್ತನೆ ಕೇಳುವಾಗ ಅವನ ಕಣ್ಣಿಗೆ ಯಾರು ಬರುತ್ತಾರೆ? ಅದನ್ನು ಬರೆಯಿರಿ.

ವಯಸ್ಸಿನ ಬಗ್ಗೆ ಇನ್ನು ಹೆಚ್ಚು ಹೇಳುವುದಿಲ್ಲ. ಮ್ಯಾಡಲಿನ್ ಲೆಂಗಲ್ ಎಂಬ ಇನ್ನೊಬ್ಬ ಅಮೆರಿಕದ ಲೇಖಕಿಗೆ ನಲವತ್ತನೆಯ ಹುಟ್ಟುಹಬ್ಬದ ದಿನವೇ ಹಸ್ತಪ್ರತಿ ವಾಪಸು ಬಂತು. ಟೈಪ್‌ರೈಟರ್ ಮುಚ್ಚಿ, ಇನ್ನು ಬರೆಯುವುದಿಲ್ಲ ಎಂದು ಅಳುತ್ತ ಕೋಣೆಯಲ್ಲಿ ಸುತ್ತು ಹಾಕುತ್ತಿದ್ದಾಗ, ಸೋಲಿನ ಬಗ್ಗೆಯೇ ಒಂದು ಕಾದಂಬರಿ ಮನಸ್ಸಿನಲ್ಲಿ ಕಟ್ಟುತ್ತಿದ್ದೇನೆ ಎಂದು ಅರಿವಾಯಿತಂತೆ. ಮೂರು ವರ್ಷದ ಮೇಲೆ ಬಂದ ಪುಸ್ತಕ ಅವರನ್ನು ಮನೆಮಾತಾಗಿಸಿತು. ಅರವತ್ತರ ನಂತರ ಶುರುಮಾಡುವವರಲ್ಲಿ ನಾನು ಕಂಡ ನಿಜವಾದ ತೊಂದರೆ ಬೇರೆ. ಇದೊಂದೇ ಪುಸ್ತಕ ಎಂದುಕೊಂಡು ಬದುಕಿನ ಅಷ್ಟೂ ಸಾಮಾನನ್ನು ಒಂದೇ ಗಾಡಿಗೆ ಹೇರುತ್ತಾರೆ. ನಿಮ್ಮ ಅಧ್ಯಾಯಗಳ ಪಟ್ಟಿಯಲ್ಲಿ ಕುಡಿತ, ವರದಕ್ಷಿಣೆ, ಮೊಬೈಲ್ ಚಟ, ಪರಿಸರ, ಎಲ್ಲವೂ ಸಾಲಾಗಿ ನಿಂತಿವೆ. ಹ್ಯಾಟೆ ಐದನೆಯ ಅಧ್ಯಾಯದ ಹೊತ್ತಿಗೆ ನಾಪತ್ತೆ. ಇಪ್ಪತ್ತು ಸಾವಿರ ಪದ ಸಾಕು. ಒಂದು ಸುಗ್ಗಿ ಹಬ್ಬದಿಂದ ಇನ್ನೊಂದು ಸುಗ್ಗಿ ಹಬ್ಬದವರೆಗೆ.

ಬರೆದದ್ದನ್ನು ಸಂಡೇಸ್ಕೂಲಿನಲ್ಲಿ ಓದಿ ಹೇಳಬೇಡಿ. ಅಲ್ಲಿನ ಮಕ್ಕಳು ನೀವೆಂಬ ಭಯಕ್ಕೆ ಸುಮ್ಮನಿರುತ್ತಾರೆ. ನಿಮ್ಮ ಹಳೆಯ ಶಾಲೆಗೆ ಹೋಗಿ, ಊಟದ ಬಿಡುವು ಮುಗಿದ ಮೇಲಿನ ತರಗತಿಯನ್ನು ಕೇಳಿ ಪಡೆಯಿರಿ. ಆಕಳಿಕೆ ಬಂದ ಕಡೆ ಗುರುತು ಹಾಕಿಕೊಳ್ಳಿ.

ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಕ್ಕೆ ಕಳಿಸಿದ್ದೇನೆ. ಎರಡನೆಯ ಅಧ್ಯಾಯದ ಒಂದು ನಕಲನ್ನು ನಿಮ್ಮನ್ನು ಕೇಳದೆಯೇ ಇಟ್ಟುಕೊಂಡಿದ್ದೇನೆ; ಒಪ್ಪಿದರೆ ಬೇಸಿಗೆ ರಜೆಯ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಆದರೆ ಅದಕ್ಕೆ ಮೊದಲು ಎರಡು ವಿಷಯ ಬೇಕು. ಸವಾಲು ನೂರೆಂಬತ್ತಕ್ಕೆ ನಿಂತಿದೆ, ಮುಂದಿನ ಪುಟದಲ್ಲಿ ಸಭಾಪಾಲಕರು ಬಂದುಬಿಟ್ಟರು. ಹ್ಯಾಟೆ ಎಷ್ಟಕ್ಕೆ ಹೋಯಿತು, ಕೊಂಡವರು ಯಾರು? ಮತ್ತೆ, ಬೆಳಿಗ್ಗೆ ಅಜ್ಜಿ ಎತ್ತಿಟ್ಟ ಮಂಕರಿ ಅಂಗಳದಲ್ಲೇ ಇದೆ. ಸಂಜೆ ಹುಡುಗ ಮನೆಗೆ ಬರುತ್ತಾನೆ.